ನವೆಂಬರ್ ಒಂದರಂದು ನಮ್ಮ ಜಿಲ್ಲೆಯಿಂದ ಬೇರೆಯಾದ ದ್ವೀಪಗಳು

ಕಳೆದ ಡಿಸೆಂಬರ್ ತಿಂಗಳ ಒಂದು ಭಾನುವಾರ ಲೀಕ್ಸ್‌ಲಿಪ್‌ನಲ್ಲಿ ಸದಸ್ಯರೊಬ್ಬರ ಮನೆಯಲ್ಲಿ ನಾವು ನಾಲ್ಕು ಕುಟುಂಬಗಳು ಸೇರಿದ್ದೆವು. ಮಧ್ಯಾಹ್ನ ನಾಲ್ಕು ಗಂಟೆಗೇ ಕತ್ತಲು ಇಳಿದಿತ್ತು. ಬಿಸಿಬೇಳೆಬಾತ್ ಮುಗಿದು ಕಾಫಿ ಬರುವ ಹೊತ್ತಿಗೆ ಮಾತು ಬಿಸಿಲಿನ ಕಡೆಗೆ ತಿರುಗಿದುದು ಸಹಜವೇ. ಎಲ್ಲರೂ ಒಟ್ಟಾಗಿ ಒಂದು ಉಷ್ಣವಲಯದ ದ್ವೀಪಕ್ಕೆ ಹೋಗಬೇಕು, ಸ್ವಲ್ಪ ವೈಭವದಿಂದಲೇ ಇರಬೇಕು ಎಂಬುದು ಯೋಜನೆ. ಜೊತೆಗೆ ಆರು ಮಕ್ಕಳು. ದೊಡ್ಡವಳಿಗೆ ಒಂಬತ್ತು ವರ್ಷ, ಕಿರಿಯವನಿಗೆ ಇನ್ನೂ ಎರಡು ತುಂಬಿಲ್ಲ. ಒಬ್ಬರು ಮಾಲ್ಡೀವ್ಸ್ ಎಂದರು, ಇನ್ನೊಬ್ಬರು ಮಾರಿಷಸ್ ಎಂದರು, ಮತ್ತೊಬ್ಬರು ಲಕ್ಷದ್ವೀಪ ಎಂದರು. ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ವಿಲ್ಲಾಗಳ ಒಂದು ವಾರದ ಬಾಡಿಗೆಯನ್ನು ಲೆಕ್ಕ ಹಾಕಿದಾಗ ಕೆಲಕಾಲ ಯಾರೂ ಮಾತನಾಡಲಿಲ್ಲ.

ಆ ಮೌನದಲ್ಲಿ, ಮಂಗಳೂರಿನಿಂದ ಮಗಳ ಮನೆಗೆ ಬಂದಿದ್ದ ಹಿರಿಯರೊಬ್ಬರು ಹೀಟರಿನ ಪಕ್ಕದ ಕುರ್ಚಿಯಿಂದ ಕೇಳಿದರು: “ಲಕ್ಷದ್ವೀಪವಾ? ಅದರಲ್ಲಿ ಅರ್ಧ ನಮ್ಮ ಜಿಲ್ಲೆಯದ್ದೇ ಆಗಿತ್ತಲ್ಲ ಮಾರಾಯ್ರೆ!”

ನಾವು ತಮಾಷೆಯೆಂದು ನಕ್ಕೆವು. ಅವರು ನಗಲಿಲ್ಲ. ಅವರ ತಂದೆ ಮಂಗಳೂರಿನ ಬಂದರಿನಲ್ಲಿ ಅಕ್ಕಿ ವ್ಯಾಪಾರಿಯೊಬ್ಬರ ಬಳಿ ಗುಮಾಸ್ತರಾಗಿದ್ದರಂತೆ. ಹಾಯಿದೋಣಿಗಳಲ್ಲಿ ತೆಂಗಿನ ನಾರಿನ ಹುರಿ ತುಂಬಿಕೊಂಡು ಬಂದು, ಅಕ್ಕಿ ತುಂಬಿಕೊಂಡು ಹಿಂದಿರುಗುತ್ತಿದ್ದ “ದ್ವೀಪದವರನ್ನು” ತಾವು ಬಾಲ್ಯದಲ್ಲಿ ಕಂಡದ್ದನ್ನು ಅವರು ವಿವರಿಸಿದರು. ಆ ಹುರಿಯ ಕಂಪು ಇಂದಿಗೂ ಮೂಗಿನಲ್ಲಿದೆ ಎಂದರು. ಅಷ್ಟು ವರ್ಷ ಆ ಕಡಲನ್ನು ನೋಡಿಯೂ ಆ ದ್ವೀಪಗಳಿಗೆ ತಾವು ಒಮ್ಮೆಯೂ ಹೋಗಲಿಲ್ಲ ಎಂದೂ ಸೇರಿಸಿದರು. ಅಂದು ಅವರು ಹೇಳಿದುದರ ಹಿಂದಿನ ಚರಿತ್ರೆಯನ್ನು ಹುಡುಕಿ ಓದಿದೆವು. ಪ್ರವಾಸದ ಸಿದ್ಧತೆಯೆಂದು ಆರಂಭವಾದ ಓದು ನಮ್ಮ ಯೋಜನೆಯನ್ನೇ ಬದಲಿಸಿತು. ಅದನ್ನು ಸದಸ್ಯ ಬಂಧುಗಳೊಡನೆ ಹಂಚಿಕೊಳ್ಳುವುದು ಈ ಬರಹದ ಉದ್ದೇಶ.

ವಿಹಾರದ ಊರುಗಳಿಗೂ ದುಡಿಮೆಯ ಚರಿತ್ರೆ ಇರುತ್ತದೆ ಎಂಬುದಕ್ಕೆ ನಾವು ದೂರ ಹೋಗಬೇಕಿಲ್ಲ, ಲೀಕ್ಸ್‌ಲಿಪ್ಪೇ ಸಾಕ್ಷಿ. 1793ರಲ್ಲಿ ರಾಯಲ್ ಕಾಲುವೆಯನ್ನು ತೋಡುತ್ತಿದ್ದ ಕೂಲಿಕಾರರಿಗೆ ಲೂಯಿಸಾ ಸೇತುವೆಯ ಬಳಿ ಖನಿಜ ನೀರಿನ ಬೆಚ್ಚನೆಯ ಚಿಲುಮೆಯೊಂದು ಸಿಕ್ಕಿತು. ಅದು ಆರೋಗ್ಯಕ್ಕೆ ಹಿತವೆಂಬ ಸುದ್ದಿ ಹರಡಿ ಡಬ್ಲಿನ್‌ನ ಅನುಕೂಲಸ್ಥರು ವಿಹಾರಕ್ಕೆಂದು ಇಲ್ಲಿಗೆ ಬರತೊಡಗಿದರು. ಊರಿನ ಹೆಸರೇ ವೈಕಿಂಗರ ಭಾಷೆಯಲ್ಲಿ ‘ಸಾಲ್ಮನ್ ಮೀನಿನ ನೆಗೆತ’ ಎಂದು; ಆ ಮೀನುಗಳು ನೆಗೆಯುತ್ತಿದ್ದ ಲಿಫಿ ನದಿಯ ಜಲಪಾತ 1940ರ ದಶಕದಲ್ಲಿ ವಿದ್ಯುತ್ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಚಿಲುಮೆಯ ಪಕ್ಕದಲ್ಲಿ ವಿಹರಿಸಿದವರ ನೆನಪಿನಲ್ಲಿ ಕಾಲುವೆ ತೋಡಿದವರು ಉಳಿಯಲಿಲ್ಲ. ದ್ವೀಪಗಳ ಕಥೆಯೂ ಬಹುಮಟ್ಟಿಗೆ ಹೀಗೆಯೇ.

ಬಿಳಿ ಮರಳು, ಹಸಿರು ನೀಲಿಯ ನೀರು, ತೂಗುಮಂಚ: ದ್ವೀಪವೆಂದರೆ ಇಂದು ನಮ್ಮ ಕಣ್ಣಿಗೆ ಕಟ್ಟುವ ಈ ಚಿತ್ರಕ್ಕೆ ಅರ್ಧ ಶತಮಾನಕ್ಕಿಂತ ತುಸು ಹೆಚ್ಚಿನ ವಯಸ್ಸು ಮಾತ್ರ. ಮಾಲ್ಡೀವ್ಸ್‌ನಲ್ಲಿ ಮೊತ್ತಮೊದಲ ರೆಸಾರ್ಟ್ ಆದ ಕುರುಂಬಾ ತೆರೆದದ್ದು 1972ರಲ್ಲಿ. ಅದಕ್ಕೂ ಮೊದಲು ಹೊರಗಿನವರು ಆ ದ್ವೀಪಗಳಿಗೆ ಹೋಗುತ್ತಿದ್ದುದು ವ್ಯಾಪಾರಕ್ಕಾಗಿ, ಅಧಿಕಾರಕ್ಕಾಗಿ, ಇಲ್ಲವೇ ಹಡಗು ಒಡೆದು. ಫ್ರಾನ್ಸಿನ ಪಿರಾರ್ ದ ಲಾವಾಲ್ ಎಂಬ ನಾವಿಕ 1602ರಲ್ಲಿ ಹಡಗು ಒಡೆದು ಮಾಲ್ಡೀವ್ಸ್ ಸೇರಿದ; ಅಲ್ಲಿಂದ ಬಿಡುಗಡೆ ಪಡೆಯಲು ಅವನಿಗೆ ಸುಮಾರು ಐದು ವರ್ಷ ಬೇಕಾಯಿತು. ಅವನಿಗೂ ಮೊದಲು, 14ನೆಯ ಶತಮಾನದ 40ರ ದಶಕದಲ್ಲಿ, ಮೊರಾಕ್ಕೋದ ಇಬ್ನ್ ಬತೂತಾ ಅಲ್ಲಿ ನ್ಯಾಯಾಧೀಶನಾಗಿದ್ದ. ಅದೇ ಯಾತ್ರೆಯಲ್ಲಿ ಅವನು ನಮ್ಮ ಹೊನ್ನಾವರ, ಬಾರಕೂರು, ಮಂಗಳೂರುಗಳನ್ನೂ ಕಂಡವನು. ದ್ವೀಪಗಳ ತೆಂಗಿನ ನಾರಿನ ಹಗ್ಗ ದೇಶವಿದೇಶಗಳಿಗೆ ಹೋಗುತ್ತದೆ, ಹಡಗಿನ ಹಲಗೆಗಳನ್ನು ಅದರಿಂದ ಹೊಲಿಯುತ್ತಾರೆ ಎಂದು ಅವನು ಬರೆದಿಟ್ಟಿದ್ದಾನೆ. ಅರಬ್ಬೀ ಸಮುದ್ರದ ಹಡಗುಗಳನ್ನು ಮೊಳೆಯಿಲ್ಲದೆ ಹಿಡಿದಿಟ್ಟದ್ದು ದ್ವೀಪದವರ ಕೈಯ ಹುರಿ.

ಇನ್ನು ಹಿರಿಯರು ಹೇಳಿದ “ನಮ್ಮ ಜಿಲ್ಲೆ”ಯ ಮಾತು. ಲಕ್ಷದ್ವೀಪದ ಮೂವತ್ತಾರು ದ್ವೀಪಗಳ ಒಟ್ಟು ನೆಲ ಸುಮಾರು 32 ಚದರ ಕಿಲೋಮೀಟರ್; ಜನರು ನೆಲೆಸಿರುವವು ಹತ್ತು. ಅವುಗಳಲ್ಲಿ ಉತ್ತರದ ಐದು, ಎಂದರೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಮತ್ತು ಬಿತ್ರಾ, ಅಮಿನ್‌ದಿವಿ ದ್ವೀಪಗಳೆಂದು ಹೆಸರಾದವು. ಇವು ಹಿಂದೆ ಕಣ್ಣೂರಿನ ಅರಕ್ಕಲ್ ಮನೆತನದ ಆಳ್ವಿಕೆಯಲ್ಲಿದ್ದವು. ದ್ವೀಪದ ನಾರಿನ ವ್ಯಾಪಾರವೆಲ್ಲ ಆ ಮನೆತನದ ಏಕಸ್ವಾಮ್ಯವಾಗಿತ್ತು. ಅದರ ಅಧಿಕಾರಿಗಳ ಕಾಟ ತಾಳಲಾರದೆ 1780ರ ದಶಕದಲ್ಲಿ ಅಮಿನಿಯ ಜನ ದೋಣಿಯೇರಿ ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನ ಮೊರೆಹೊಕ್ಕರು. ಟಿಪ್ಪು ಅರಕ್ಕಲ್ ಬೀಬಿಯೊಡನೆ ಮಾತುಕತೆ ನಡೆಸಿ, ಪ್ರತಿಯಾಗಿ ಬೇರೆ ಭೂಮಿ ಕೊಟ್ಟು, ಈ ಐದು ದ್ವೀಪಗಳನ್ನು ಪಡೆದನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅವು ಈಸ್ಟ್ ಇಂಡಿಯಾ ಕಂಪನಿಯ ವಶವಾದವು. ಮಂಗಳೂರಿನಿಂದ ಆಳಲ್ಪಡುತ್ತಿದ್ದುದರಿಂದ ಮೊದಲು ಕೆನರಾ ಜಿಲ್ಲೆಗೂ, 1860ರ ಸುಮಾರಿಗೆ ಅದು ಇಬ್ಭಾಗವಾದ ಮೇಲೆ ದಕ್ಷಿಣ ಕನ್ನಡ ಜಿಲ್ಲೆಗೂ ಸೇರಿಕೊಂಡವು. ದಕ್ಷಿಣದ ಕವರತ್ತಿ, ಆಂದ್ರೋತ್ ಮೊದಲಾದವು ಮಾತ್ರ ಅರಕ್ಕಲ್ ಮನೆತನದಲ್ಲಿಯೇ ಉಳಿದು, ಅಂತಿಮವಾಗಿ ಬ್ರಿಟಿಷರ ಮಲಬಾರ್ ಜಿಲ್ಲೆಯನ್ನು ಸೇರಿದವು.

ಹೀಗೆ ಒಂದೂವರೆ ಶತಮಾನಕ್ಕೂ ಮಿಕ್ಕು ಅಮಿನಿಯ ಜನರ ಕಲೆಕ್ಟರು ಮಂಗಳೂರಿನಲ್ಲಿದ್ದರು. ದ್ವೀಪದಲ್ಲಿ ಅವರ ಪರವಾಗಿ ಮಣೆಗಾರನೊಬ್ಬ ಆಡಳಿತ ನೋಡಿಕೊಳ್ಳುತ್ತಿದ್ದ. ಅಮಿನಿಯಿಂದ ಮಂಗಳೂರಿಗೆ ಸುಮಾರು 300 ಕಿಲೋಮೀಟರ್ ಕಡಲದಾರಿ. ಹಾಯಿಗೆ ಗಾಳಿ ಸಿಕ್ಕಿದಷ್ಟೇ ವೇಗ.

ಈ ಸಂಬಂಧದ ಜೀವಾಳ ನಾರು ಮತ್ತು ಅಕ್ಕಿ. ಹವಳದ ಮರಳಿನ ನೆಲದಲ್ಲಿ ತೆಂಗು ಚೆನ್ನಾಗಿ ಬೆಳೆಯುತ್ತದೆ, ಭತ್ತ ಬೆಳೆಯುವುದಿಲ್ಲ. ದ್ವೀಪದ ಹೆಂಗಸರು ತೆಂಗಿನ ಸಿಪ್ಪೆಯನ್ನು ಕಡಲಂಚಿನ ಗುಂಡಿಗಳಲ್ಲಿ ತಿಂಗಳುಗಟ್ಟಲೆ ನೆನೆಹಾಕಿ, ಬಡಿದು, ನಾರು ಬಿಡಿಸಿ, ಅಂಗೈಯಲ್ಲಿ ಹೊಸೆದು ಹುರಿ ಮಾಡುತ್ತಿದ್ದರು. ಗಂಡಸರು ಅದನ್ನು ಓಡಗಳಲ್ಲಿ ಹೇರಿಕೊಂಡು ಮಂಗಳೂರಿಗೆ ತರುತ್ತಿದ್ದರು. ಆಳುವವರು ಬದಲಾದರೂ ಏಕಸ್ವಾಮ್ಯ ಬದಲಾಗಲಿಲ್ಲ: ಕಂಪನಿ ಸರ್ಕಾರವೂ ನಾರನ್ನು ತಾನೇ ಕೊಳ್ಳುತ್ತಿತ್ತು, ಬೆಲೆಯನ್ನು ತಾನೇ ಕಟ್ಟುತ್ತಿತ್ತು, ಪ್ರತಿಯಾಗಿ ಬಹುಪಾಲು ಅಕ್ಕಿಯನ್ನೇ ಕೊಡುತ್ತಿತ್ತು. ಕರಾವಳಿಯ ಕುಚ್ಚಲಕ್ಕಿಯ ಗಂಜಿ ನಮ್ಮಲ್ಲಿ ಎಷ್ಟೋ ಮಂದಿಗೆ ಮನೆಯ ಊಟ. ಅದೇ ಮಂಗಳೂರಿನ ಬಂದರಿನಿಂದ ಹೊರಟ ಅಕ್ಕಿಯೇ ದ್ವೀಪದ ಮಕ್ಕಳ ಹೊಟ್ಟೆಯನ್ನೂ ತುಂಬುತ್ತಿತ್ತು. ಓಡ ತಡವಾದರೆ ಅಲ್ಲಿ ಒಲೆ ಉರಿಯುವುದು ಕಷ್ಟವಾಗುತ್ತಿತ್ತು. ಇಂದು ಲೀಕ್ಸ್‌ಲಿಪ್‌ನ ನಮ್ಮ ಮನೆಬಾಗಿಲಲ್ಲಿ ಬಿದ್ದಿರುವ ತೆಂಗಿನ ನಾರಿನ ಕಾಲೊರಸನ್ನು ಕಂಡಾಗ ಈ ಮಾತು ನೆನಪಾಗದೆ ಇರದು.

ಈಗ ಒಂದು ತಾರೀಖಿನ ವಿಷಯ. ನಾವು ಪ್ರತಿ ವರ್ಷ ಸಭಾಂಗಣ ಬಾಡಿಗೆಗೆ ಹಿಡಿದು, ಮಕ್ಕಳ ಕೈಗೆ ಹಳದಿ ಕೆಂಪು ಬಾವುಟ ಕೊಟ್ಟು ರಾಜ್ಯೋತ್ಸವ ಆಚರಿಸುತ್ತೇವಲ್ಲವೇ? 1956ರ ನವೆಂಬರ್ 1ರಂದು ಮದ್ರಾಸ್ ರಾಜ್ಯದಲ್ಲಿದ್ದ ದಕ್ಷಿಣ ಕನ್ನಡ ಜಿಲ್ಲೆ ಹೊಸ ಮೈಸೂರು ರಾಜ್ಯಕ್ಕೆ ಬಂದಿತು. ಅದೇ ದಿನ ಕಾಸರಗೋಡು ಕೇರಳಕ್ಕೆ ಹೋಯಿತು. ಆ ನೋವನ್ನು ನಮ್ಮ ಹಿರಿಯರು ಮರೆತಿಲ್ಲ. ಅದೇ ದಿನ ಅಮಿನ್‌ದಿವಿ ದ್ವೀಪಗಳೂ ದಕ್ಷಿಣ ಕನ್ನಡದಿಂದ ಬೇರೆಯಾಗಿ, ಮಲಬಾರಿನ ದ್ವೀಪಗಳೊಡನೆ ಸೇರಿ ಕೇಂದ್ರಾಡಳಿತ ಪ್ರದೇಶವಾದವು ಎಂಬುದನ್ನು ಮಾತ್ರ ನಮ್ಮಲ್ಲಿ ನೆನೆಯುವವರು ಕಡಿಮೆ. ಮುಂದೆ 1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದಿತು. ಅದೇ ದಿನ ಆ ದ್ವೀಪಗಳಿಗೆ ಲಕ್ಷದ್ವೀಪ ಎಂಬ ಹೆಸರೂ ಬಂದಿತು. ಒಂದೇ ಬಂದರನ್ನು ನೋಡಿಕೊಂಡಿದ್ದ ಎರಡು ನೆಲಗಳು ಒಂದೇ ದಿನ ಅಗಲಿ, ಒಂದೇ ದಿನ ಹೊಸ ಹೆಸರು ಪಡೆದವು.

ಇದನ್ನು ಹೇಳುತ್ತಿದ್ದಾಗ ಒಂಬತ್ತು ವರ್ಷದ ಹುಡುಗಿ ಕೇಳಿದಳು: “ಹಾಗಾದರೆ ಅಜ್ಜ, ಆ ಐಲ್ಯಾಂಡ್ ನಮ್ಮದಾ?” ಅಜ್ಜ ಸ್ವಲ್ಪ ಯೋಚಿಸಿ ಉತ್ತರಿಸಿದರು: “ಅಲ್ಲ ಮಗಾ, ಅದು ಅಲ್ಲಿಯವರದ್ದು. ಅವರ ಕಚೇರಿ ಮಾತ್ರ ನಮ್ಮೂರಲ್ಲಿತ್ತು.” ಚರಿತ್ರೆಯನ್ನು ಓದುವವರೆಲ್ಲ ನೆನಪಿನಲ್ಲಿಡಬೇಕಾದ ವಿವೇಕ ಅದು. ಅಲ್ಲಿಯ ಜನ ಕನ್ನಡಿಗರಲ್ಲ. ಐದು ದ್ವೀಪಗಳಲ್ಲಿಯೂ ಮಲಯಾಳಕ್ಕೆ ಹತ್ತಿರವಾದ ಜೆಸರಿ ನುಡಿ ಮನೆಮಾತು. ನಮಗೂ ಅವರಿಗೂ ಇದ್ದದ್ದು ಒಡೆತನದ ನಂಟಲ್ಲ, ಋಣದ ನಂಟು. ಬೆಲೆ ಕಟ್ಟುವವರು ಈ ದಡದಲ್ಲಿಯೇ ಇದ್ದುದರಿಂದ ಆ ಋಣದ ಲೆಕ್ಕ ಎಂದೂ ಸಮನಾಗಿರಲಿಲ್ಲ.

ಹಾಗಿದ್ದರೂ, ಅಥವಾ ಹಾಗಿರುವುದರಿಂದಲೇ, ಅಲ್ಲಿಗೆ ಹೋಗುವುದು ಸುಲಭವಲ್ಲ. 1967ರ ಪ್ರವೇಶ ನಿರ್ಬಂಧ ನಿಯಮಗಳ ಪ್ರಕಾರ ಲಕ್ಷದ್ವೀಪಕ್ಕೆ ಹೊರಗಿನಿಂದ ಹೋಗುವವರಿಗೆ, ಭಾರತೀಯರಿಗೂ ಸಹ, ಅನುಮತಿ ಪತ್ರ ಬೇಕು. ದ್ವೀಪವಾಸಿಗಳಲ್ಲಿ ಹೆಚ್ಚಿನವರು ಪರಿಶಿಷ್ಟ ಪಂಗಡದವರು. ಸಣ್ಣ ನೆಲ, ಸೀಮಿತ ಸಿಹಿನೀರು. ಆದುದರಿಂದ ಈ ತಡೆ ಅಗತ್ಯವೇ. ಆದರೆ ನಮ್ಮ ಮನೆಗಳ ಸ್ಥಿತಿ ನೋಡಿ: ಅಜ್ಜನದು ಭಾರತದ ಪಾಸ್‌ಪೋರ್ಟ್, ಮಗಳದು ಓಸಿಐ ಕಾರ್ಡು, ಮೊಮ್ಮಕ್ಕಳದು ಐರಿಶ್ ಪಾಸ್‌ಪೋರ್ಟ್. ಭಾರತೀಯ ಪ್ರಜೆಗಳಿಗೆ ಒಂದು ವಿಧಾನ, ವಿದೇಶಿ ಪಾಸ್‌ಪೋರ್ಟ್ ಉಳ್ಳವರಿಗೆ ಇನ್ನೊಂದು. ಎಲ್ಲ ದ್ವೀಪಗಳೂ ಎಲ್ಲರಿಗೂ ತೆರೆದಿರುವುದಿಲ್ಲ. ಮುತ್ತಜ್ಜ ಯಾರಿಗೆ ಅಕ್ಕಿಯ ಲೆಕ್ಕ ಬರೆದರೋ ಅವರ ದ್ವೀಪವನ್ನು ನೋಡಲು ಮೂರು ತಲೆಮಾರಿನವರು ಬೇರೆ ಬೇರೆ ದಾರಿಯಲ್ಲಿ ಅರ್ಜಿ ಹಾಕಬೇಕು. ಪರದೇಶದಲ್ಲಿ ನೆಲೆಸಿದ ನಮ್ಮ ಬದುಕನ್ನು ಇದಕ್ಕಿಂತ ಸಂಕ್ಷೇಪವಾಗಿ ಹೇಳುವ ಬಗೆ ನಮಗೆ ತಿಳಿಯದು. ಆದುದರಿಂದ ವಿಮಾನದ ಟಿಕೆಟ್ಟಿಗೂ ಮೊದಲು ಅನುಮತಿಯ ವಿಚಾರವನ್ನು ಅಧಿಕೃತ ಮೂಲದಿಂದ ಖಚಿತಪಡಿಸಿಕೊಳ್ಳುವುದು ಅಗತ್ಯ.

ಎರಡನೆಯ ಪಾಠ ಕಾಲದ್ದು. ನಮ್ಮ ಮಕ್ಕಳ ಪ್ರಾಥಮಿಕ ಶಾಲೆಗೆ ದೀರ್ಘ ರಜೆ ಜುಲೈ ಮತ್ತು ಆಗಸ್ಟ್‌ನಲ್ಲಿ. ಅರಬ್ಬೀ ಸಮುದ್ರದಲ್ಲಿ ಅದು ನೈಋತ್ಯ ಮಳೆಗಾಲದ ನಡುಭಾಗ. ಹಿಂದೆ ಆ ತಿಂಗಳುಗಳಲ್ಲಿ ಓಡಗಳನ್ನು ದಡಕ್ಕೆ ಎಳೆದು ಗರಿ ಹೊದಿಸಿಡುತ್ತಿದ್ದರು. ದ್ವೀಪ ಹೊರಜಗತ್ತಿನಿಂದ ಕಡಿದುಹೋಗುತ್ತಿತ್ತು. ಇಂದು ಹಡಗು, ವಿಮಾನಗಳಿದ್ದರೂ ಕಡಲಿನ ಸ್ವಭಾವ ಬದಲಾಗಿಲ್ಲ. ಮಾಲ್ಡೀವ್ಸ್‌ನ ರೆಸಾರ್ಟುಗಳು ಮಳೆಗಾಲದಲ್ಲಿಯೂ ತೆರೆದಿರುತ್ತವೆ, ದರವೂ ಇಳಿದಿರುತ್ತದೆ. ಆದರೆ ಮೂರು ದಿನ ಸತತ ಮಳೆ ಹಿಡಿದರೆ ಎರಡು ವರ್ಷದ ಮಗುವನ್ನು ಕೋಣೆಯೊಳಗೆ ಆಡಿಸುವ ಕಷ್ಟ ತಾಯಂದಿರಿಗೆ ಗೊತ್ತು. ಆದುದರಿಂದ ನಮಗೆ ಉಳಿಯುವುದು ಕ್ರಿಸ್ಮಸ್ ಮತ್ತು ಈಸ್ಟರ್ ರಜೆಗಳು. ಈಸ್ಟರಿನ ಎರಡು ವಾರದಲ್ಲಿ ಕಡಲು ಶಾಂತ. ಬಿಸಿಲು ಮಾತ್ರ ತೀಕ್ಷ್ಣ. ಐರ್ಲೆಂಡಿನ ಮೋಡದಡಿ ಬೆಳೆದ ಮಕ್ಕಳನ್ನು ಹತ್ತು ಗಂಟೆಯಿಂದ ನಾಲ್ಕು ಗಂಟೆಯವರೆಗೆ ನೆರಳಿನಲ್ಲಿಡುವುದೇ ಕ್ಷೇಮ.

ಮೂರನೆಯದು ದ್ವೀಪದ ರಚನೆಯೇ ಹೇಳಿಕೊಡುವ ಪಾಠ. ಲಕ್ಷದ್ವೀಪದ ಹೆಚ್ಚಿನ ದ್ವೀಪಗಳು ಹವಳದ ದಿಬ್ಬದ ಪೂರ್ವ ಅಂಚಿನಲ್ಲಿವೆ. ಪಶ್ಚಿಮಕ್ಕೆ ಆಳವಿಲ್ಲದ, ಅಲೆಯಿಲ್ಲದ ಲಗೂನ್. ಹೊರಗಿನ ಹವಳದ ಗೋಡೆ ದೊಡ್ಡ ಅಲೆಗಳನ್ನು ತಡೆಯುವುದರಿಂದ ಮಕ್ಕಳಿಗೆ ಇದೇ ಒಳ್ಳೆಯ ಈಜುಕೊಳ. ನೀರಿನ ಮೇಲಿನ ವಿಲ್ಲಾ ಚಿತ್ರದಲ್ಲಿ ಚೆಲುವು. ಆದರೆ ಮೆಟ್ಟಿಲಿಳಿದರೆ ನೇರ ನೀರು. ನಡೆಯಲು ಕಲಿತು ಓಡಲು ಹೊರಟ ಮಗುವಿರುವ ಮನೆಗೆ ಮರಳಿನ ಮೇಲಿನ ಕೋಣೆಯೇ ನಿಜವಾದ ವೈಭವ. ಹವಳ ಚೂಪಾಗಿರುತ್ತದೆ; ಎಲ್ಲರಿಗೂ ರಬ್ಬರ್ ಅಡಿಯ ನೀರಿನ ಬೂಟು ಬೇಕು. ಹವಳದ ಚೂರನ್ನು ನೆನಪಿಗೆಂದು ಮನೆಗೆ ತರಬಾರದೆಂದು ಮಕ್ಕಳಿಗೆ ಮೊದಲೇ ಹೇಳಬೇಕು. ಅದು ಆ ನೆಲದ ತಳಪಾಯ. ಮಾಲ್ಡೀವ್ಸ್‌ಗೆ ಹೋಗುವವರು ಇನ್ನೊಂದನ್ನು ಗಮನಿಸಬೇಕು: ನೀರಿನಲ್ಲಿ ಇಳಿಯುವ ಸಣ್ಣ ವಿಮಾನಗಳು ಹಗಲಿನಲ್ಲಿ ಮಾತ್ರ ಹಾರುತ್ತವೆ. ನಡುವಿನ ವಿಮಾನ ಸಂಜೆ ಮಾಲೆಗೆ ಇಳಿದರೆ ದಣಿದ ಮಕ್ಕಳೊಡನೆ ಒಂದು ರಾತ್ರಿ ಅಲ್ಲಿಯೇ ಕಳೆಯಬೇಕಾಗುತ್ತದೆ. ಜ್ವರ, ವಾಂತಿಯ ಔಷಧ, ಉಪ್ಪುಸಕ್ಕರೆಯ ಪುಡಿ, ಹತ್ತಿರದ ವೈದ್ಯರು ಎಷ್ಟು ದೂರದಲ್ಲಿದ್ದಾರೆಂಬ ತಿಳಿವಳಿಕೆ: ಇವು ಐಷಾರಾಮದ ಪಟ್ಟಿಯಲ್ಲಿ ಮೊದಲು ಬರಬೇಕಾದವು.

ಅಷ್ಟು ದೂರದ ದ್ವೀಪ ಬೇಡವೆನ್ನುವವರಿಗೆ ಉಡುಪಿಯ ಮಲ್ಪೆ ಇದೆ. ಅಲ್ಲಿಂದ ದೋಣಿಯಲ್ಲಿ ಸ್ವಲ್ಪ ಹೊತ್ತಿನಲ್ಲಿ ಸೇಂಟ್ ಮೇರೀಸ್ ದ್ವೀಪಗಳು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮರಿಯಮ್ಮನ ಹೆಸರಿಟ್ಟನೆಂಬುದು ಪ್ರತೀತಿ. ಸುಮಾರು ಒಂಬತ್ತು ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದಲ್ಲಿ, ಉಕ್ಕಿದ ಲಾವಾ ತಣಿದು ನಿಂತ ಮುಖಮುಖದ ಶಿಲಾಸ್ತಂಭಗಳನ್ನು ಅಲ್ಲಿ ಕಾಣಬಹುದು. ಆಂಟ್ರಿಮ್ ಕರಾವಳಿಯ ಜೈಂಟ್ಸ್ ಕಾಸ್‌ವೇಗೆ ಶಾಲೆಯಿಂದ ಹೋಗಿಬಂದ ಮಕ್ಕಳು ಅವುಗಳನ್ನು ನೋಡಿದ ಕೂಡಲೇ ಗುರುತಿಸುತ್ತಾರೆ. ಐರ್ಲೆಂಡಿನ ಕಲ್ಲುಗಳೇ ವಯಸ್ಸಿನಲ್ಲಿ ಕಿರಿಯವು ಎಂದು ತಿಳಿದಾಗ ಕಣ್ಣರಳಿಸುತ್ತಾರೆ. ಉಳಿಯಲು ಅಲ್ಲಿ ವ್ಯವಸ್ಥೆಯಿಲ್ಲ. ಬೆಳಗ್ಗೆ ಹೋಗಿ ಬರುವುದು. ಮಳೆಗಾಲದಲ್ಲಿ ಇಲ್ಲಿಗೂ ದೋಣಿಯಿಲ್ಲ. ಚಿಕ್ಕ ಮಕ್ಕಳಿಗೆ ದ್ವೀಪದ ಮೊದಲ ಪಾಠವಾಗಿ ಇಷ್ಟೇ ಸಾಕು.

ಕೊನೆಯದಾಗಿ, ನಾವು ನೆಲೆಸಿರುವ ದೇಶವೂ ದ್ವೀಪಗಳ ನೋವನ್ನು ಬಲ್ಲದು. ಕೆರಿ ಕರಾವಳಿಯಾಚೆಯ ಗ್ರೇಟ್ ಬ್ಲಾಸ್ಕೆಟ್ ದ್ವೀಪದಲ್ಲಿ ಉಳಿದಿದ್ದ ಕೆಲವೇ ಜನರನ್ನು ಸರ್ಕಾರ 1953ರ ನವೆಂಬರಿನಲ್ಲಿ ಮುಖ್ಯ ನೆಲಕ್ಕೆ ಕರೆತಂದಿತು. ಬಿರುಗಾಳಿಯ ದಿನಗಳಲ್ಲಿ ವೈದ್ಯರಾಗಲಿ, ಆಹಾರವಾಗಲಿ ಅಲ್ಲಿಗೆ ತಲುಪುತ್ತಿರಲಿಲ್ಲ. ಈಗ ಬೇಸಿಗೆಯಲ್ಲಿ ಪ್ರವಾಸಿಗರು ಆ ಪಾಳುಮನೆಗಳ ನಡುವೆ ಬುತ್ತಿ ಬಿಚ್ಚುತ್ತಾರೆ. ಅಮಿನಿಯ ಜನ ತಮ್ಮ ನೆಲವನ್ನು ಬಿಟ್ಟು ಹೋಗಲಿಲ್ಲ. ಮಂಗಳೂರಿನ ಹಳೆಯ ಬಂದರಿನಿಂದ ದ್ವೀಪಗಳಿಗೆ ದಿನಸಿ, ತರಕಾರಿ, ಕಟ್ಟಡದ ಸಾಮಗ್ರಿ ಇಂದಿಗೂ ಮಂಜಿಗಳಲ್ಲಿ ಹೋಗುತ್ತದೆ. ಗಡಿ ಬದಲಾದರೂ ಕಡಲದಾರಿ ಅಳಿಯಲಿಲ್ಲ.

ನಮ್ಮ ನಾಲ್ಕು ಕುಟುಂಬಗಳ ನಿರ್ಧಾರ ಹೀಗಾಯಿತು. ಒಂದು ಕುಟುಂಬ ಮಾಲ್ಡೀವ್ಸ್‌ಗೆ ಹೊರಟಿದೆ. ಅದರಲ್ಲಿ ತಪ್ಪೇನೂ ಇಲ್ಲ. ಉಳಿದ ಮೂವರು ಈಸ್ಟರ್ ರಜೆಯಲ್ಲಿ ಮಂಗಳೂರಿಗೆ ಹೋಗಿ, ಮೊದಲು ಹಳೆಯ ಬಂದರಿನಲ್ಲಿ ಮಂಜಿಗೆ ಸರಕು ತುಂಬುವುದನ್ನು ಮಕ್ಕಳಿಗೆ ತೋರಿಸಿ, ಮಲ್ಪೆಯ ದ್ವೀಪವನ್ನು ನೋಡಿ, ಅನುಮತಿ ದೊರೆತರೆ ಕೊಚ್ಚಿಯಿಂದ ಕಡಮತ್‌ಗೆ ಹೋಗುವುದೆಂದು ಗೊತ್ತುಮಾಡಿದ್ದೇವೆ. ಅಜ್ಜನ ಅರ್ಜಿಯೂ ಜೊತೆಯಲ್ಲಿದೆ. ಅನುಮತಿ ಸಿಗದಿದ್ದರೂ ಬಂದರಿನವರೆಗಿನ ದಾರಿ ನಮಗೆ ಉಳಿದೇ ಇರುತ್ತದೆ. ಹಿಂದಿರುಗಿದ ಮೇಲೆ, ಮುಂದಿನ ರಾಜ್ಯೋತ್ಸವದ ಸಭೆಯಲ್ಲಿ, ಆ ದಿನದ ಇನ್ನೊಂದು ಕಥೆಯನ್ನು ಮಕ್ಕಳ ಬಾಯಿಂದಲೇ ಹೇಳಿಸಬೇಕೆಂಬ ಆಸೆ ನಮಗಿದೆ.